ಒಬ್ಬರಿಗೆ ಒಂದೇ ಸಲ ಕೊಡುವ ಪ್ರಶಸ್ತಿ ರೊಮೇನ್ ಗ್ಯಾರಿಗೆ ಎರಡು ಸಲ ಬಂದದ್ದು ಹೇಗೆ?

ಫ್ರೆಂಚ್ ಕಾದಂಬರಿಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಫ್ರಾನ್ಸಿನ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಗೊಂಕೂರನ್ನು ಒಬ್ಬ ಲೇಖಕನಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬೇಕೆಂಬುದು ನಿಯಮ. ಆದರೂ ಗ್ಯಾರಿಗೆ ಅದು 1956ರಲ್ಲಿ ಬಂತು, ಮತ್ತೆ 1975ರಲ್ಲೂ ಬಂತು. ಎಮಿಲ್ ಅಜಾರ್ ಎಂಬ ಬೇರೆ ಹೆಸರಿನಲ್ಲಿ ಬರೆದರು, ಅದಕ್ಕೇ ಬಂತು ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಅಷ್ಟು ಹೇಳಿದರೆ ಸಾಲದು. ಅಂಬಿಕಾತನಯದತ್ತ ಎಂದರೆ ಬೇಂದ್ರೆ ಎಂದು ಕನ್ನಡದ ಓದುಗರಿಗೆಲ್ಲ ಗೊತ್ತು, ಅದು ಕಾವ್ಯನಾಮ. ಗ್ಯಾರಿ ಮಾಡಿದ್ದು ಅದಲ್ಲ. ಹೆಸರಿನ ಹಿಂದೆ ಬೇರೊಬ್ಬ ಮನುಷ್ಯನನ್ನೇ ತಂದು ನಿಲ್ಲಿಸಿದರು, ಬರವಣಿಗೆಗೆ ಬೇರೆಯದೇ ಭಾಷೆ ಕಟ್ಟಿದರು. ಆ ಭಾಷೆ ಗುಟ್ಟನ್ನು ಕಾಯಿತು. ಆ ಮನುಷ್ಯನಿಂದಾಗಿ ಗುಟ್ಟು ಇನ್ನೇನು ಒಡೆಯುವುದರಲ್ಲಿತ್ತು.

ಹೆಸರು ಬದಲಿಸುವುದು ಅವರಿಗೆ ಹೊಸದೂ ಆಗಿರಲಿಲ್ಲ. 1914ರಲ್ಲಿ ವಿಲ್ನಿಯಸ್‌ನ ಯಹೂದಿ ಮನೆಯಲ್ಲಿ ಹುಟ್ಟಿದಾಗ ಅವರು ರೋಮನ್ ಕಾಟ್ಸೆವ್. ಹದಿನಾಲ್ಕರ ಪ್ರಾಯದಲ್ಲಿ ತಾಯಿಯ ಜೊತೆ ಫ್ರಾನ್ಸಿನ ನೀಸ್ ಪಟ್ಟಣಕ್ಕೆ ಬಂದರು, 1935ರಲ್ಲಿ ಫ್ರೆಂಚ್ ಪೌರತ್ವ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ದ ಗಾಲ್ ಅವರ ಸ್ವತಂತ್ರ ಫ್ರೆಂಚ್ ಪಡೆ ಸೇರಿ ಲೊರೇನ್ ಬಾಂಬರ್ ದಳದಲ್ಲಿ ಹಾರಿದರು. 'ಗ್ಯಾರಿ' ಆ ಕಾಲದಲ್ಲಿ ಇಟ್ಟುಕೊಂಡ ಹೆಸರು. ರಷ್ಯನ್ ಭಾಷೆಯಲ್ಲಿ 'ಉರಿ' ಎಂಬ ಆಜ್ಞೆ. ಅದು ಕಾನೂನುಬದ್ಧ ಹೆಸರಾದದ್ದು 1951ರಲ್ಲಿ.

ಯುದ್ಧ ಮುಗಿದ ಮೇಲೆ ವಿದೇಶಾಂಗ ಸೇವೆ. ಸೋಫಿಯಾ, ಬರ್ನ್, ಆಮೇಲೆ ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಫ್ರೆಂಚ್ ನಿಯೋಗದ ವಕ್ತಾರ. ವಕ್ತಾರನ ಕೆಲಸವೆಂದರೆ ತನ್ನದಲ್ಲದ ಮಾತನ್ನು ತನ್ನದೆಂಬಂತೆ ಆಡುವುದು, ಮತ್ತೆ ಮತ್ತೆ, ನಂಬುವ ಹಾಗೆ. ಅಜಾರ್ ಪ್ರಕರಣಕ್ಕೆ ಬೇಕಾದ ತಾಲೀಮು ಇಲ್ಲಿಯೇ ಆಯಿತೆಂದು ನನ್ನ ಎಣಿಕೆ. 1956ರಲ್ಲಿ ಬೊಲಿವಿಯಾದ ಲಾ ಪಾಜ್‌ನಲ್ಲಿದ್ದಾಗ, ಆಫ್ರಿಕಾದ ಆನೆಗಳನ್ನು ಉಳಿಸಲು ಹೊರಟವನ ಕಥೆಯಾದ 'ಆಕಾಶದ ಬೇರುಗಳು' ಕಾದಂಬರಿಗೆ ಮೊದಲ ಗೊಂಕೂರ್ ಬಂತು. ಅದೇ ವರ್ಷ ಲಾಸ್ ಏಂಜಲೀಸ್‌ನ ಕಾನ್ಸುಲ್ ಜನರಲ್ ಆದರು. ಆ ಹುದ್ದೆಯಲ್ಲಿದ್ದಾಗಲೇ, 1958ರಲ್ಲಿ, ವಿಶ್ವಸಂಸ್ಥೆಯನ್ನು ಲೇವಡಿ ಮಾಡುವ ಪುಸ್ತಕವೊಂದನ್ನು ಫೋಸ್ಕೊ ಸಿನಿಬಾಲ್ದಿ ಎಂಬ ಹೆಸರಿನಲ್ಲಿ ತಂದರು. ಸರ್ಕಾರಿ ಸೇವೆಯಲ್ಲಿದ್ದವರು ಸ್ವಂತ ಹೆಸರಿನಲ್ಲಿ ಹಾಗೆ ಬರೆಯುವಂತಿರಲಿಲ್ಲ. ಅರವತ್ತರ ದಶಕದ ಆರಂಭದಲ್ಲಿ ಸೇವೆ ಬಿಟ್ಟರು. ಪತ್ರಿಕೆಗಳಿಗೂ ಬರೆದರು, 'ಫ್ರಾನ್ಸ್-ಸುವಾರ್' ದಿನಪತ್ರಿಕೆಗಾಗಿ ಕೆಂಪು ಸಮುದ್ರದ ತೀರ ಸುತ್ತಿ ಬರೆದ ವರದಿಗಳು 1971ರಲ್ಲಿ ಪುಸ್ತಕವಾದವು.

ಎಪ್ಪತ್ತರ ದಶಕಕ್ಕೆ ಬರುವಾಗ ಪ್ಯಾರಿಸ್‌ನ ವಿಮರ್ಶಕರು ಅವರನ್ನು ಹಳೆಯ ಸರಕೆಂದು ಬದಿಗಿಟ್ಟಿದ್ದರು. ಹೊಸ ಪುಸ್ತಕ ಬಂದರೆ ಓದುವ ಮೊದಲೇ ಅಭಿಪ್ರಾಯ ಸಿದ್ಧ. ತನ್ನ ಹೆಸರೇ ತನ್ನ ಪುಸ್ತಕಕ್ಕೆ ಅಡ್ಡ ನಿಂತಿದೆ ಎಂದು ಕಂಡಾಗ ಹುಟ್ಟಿದವನು ಎಮಿಲ್ ಅಜಾರ್. 'ಜಾರ್' ಎಂದರೆ ರಷ್ಯನ್‌ನಲ್ಲಿ ಕೆಂಡ.

ಮೊದಲ ಪುಸ್ತಕ 'ಗ್ರೋ-ಕಾಲಾಂ', ಪ್ಯಾರಿಸ್‌ನ ಫ್ಲ್ಯಾಟಿನಲ್ಲಿ ಹೆಬ್ಬಾವು ಸಾಕಿಕೊಂಡ ಒಂಟಿ ಗುಮಾಸ್ತನ ಕಥೆ. ಹಸ್ತಪ್ರತಿ ಗಾಲಿಮಾರ್ ಪ್ರಕಾಶನಕ್ಕೆ ಬಂದದ್ದು ಬ್ರೆಜಿಲ್‌ನಿಂದ, ಗೆಳೆಯರೊಬ್ಬರ ಮೂಲಕ. ಬರೆದವನು ಗರ್ಭಪಾತದ ಪ್ರಕರಣದಲ್ಲಿ ಸಿಕ್ಕಿಬಿದ್ದು ಫ್ರಾನ್ಸ್ ಬಿಟ್ಟು ಓಡಿಹೋದವನೆಂಬ ಕಥೆಯೂ ಜೊತೆಗೆ ಬಂತು. ಈ ಸುಳ್ಳಿನ ಲೆಕ್ಕಾಚಾರ ನೋಡಬೇಕು. ಫ್ರಾನ್ಸಿನಲ್ಲಿ ಗರ್ಭಪಾತ ಕಾನೂನುಬದ್ಧವಾದದ್ದು 1975ರ ಜನವರಿಯಲ್ಲಿ. 1974ರಲ್ಲಿ ಅಂಥವನು ಮುಖ ತೋರಿಸದೆ ಇರುವುದು ಸಹಜ, ಹಾಗಾಗಿ ಯಾರೂ ಕೆದಕಲಿಲ್ಲ. ಪುಸ್ತಕವನ್ನು ಗಾಲಿಮಾರ್‌ನದೇ ಅಂಗಸಂಸ್ಥೆಯಾದ ಮೆರ್ಕ್ಯೂರ್ ದ ಫ್ರಾನ್ಸ್ ಪ್ರಕಟಿಸಿತು. ಗ್ಯಾರಿ ಇದಕ್ಕೆ ಬೆಲೆಯನ್ನೂ ತೆತ್ತರು: ಸಂಪಾದಕರು ಕಾದಂಬರಿಯ ಕೊನೆಯ ಭಾಗವನ್ನೇ ತೆಗೆಸಿದರು. ಎದುರು ಕುಳಿತು ವಾದಿಸಲು ಅಜಾರ್‌ಗೆ ಮುಖವೇ ಇರಲಿಲ್ಲವಲ್ಲ! ಆ ಭಾಗ ಓದುಗರ ಕೈಗೆ ಬಂದದ್ದು 2007ರ ಆವೃತ್ತಿಯಲ್ಲಿ.

1975ರ 'ಲಾ ವಿ ದವಾಂ ಸ್ವಾ', ಅಂದರೆ 'ಮುಂದಿರುವ ಬದುಕು', ಬರುವ ಹೊತ್ತಿಗೆ ಮುಖ ಬೇಕೇ ಬೇಕಾಯಿತು. ಗ್ಯಾರಿ ತಮ್ಮ ಸೋದರಸಂಬಂಧಿಯ ಮಗ ಪಾಲ್ ಪಾವ್ಲೊವಿಚ್‌ನನ್ನು ಅಜಾರ್ ಆಗಿ ನಿಲ್ಲಿಸಿದರು. ಆತ ಸಂಪಾದಕರನ್ನೂ ಪ್ರಕಾಶಕಿ ಸಿಮೋನ್ ಗಾಲಿಮಾರ್ ಅವರನ್ನೂ ಪ್ಯಾರಿಸ್‌ನಲ್ಲಿ ಭೇಟಿಯಾಗಲಿಲ್ಲ, ಜಿನೀವಾ ಮತ್ತು ಕೋಪನ್‌ಹೇಗನ್‌ಗಳಲ್ಲಿ ಭೇಟಿಯಾದ. 'ಲ ಮೋಂದ್' ಪತ್ರಿಕೆಗೆ ಸಂದರ್ಶನವನ್ನೂ ಕೊಟ್ಟ. ಎಡವಟ್ಟಾದದ್ದು ಇಲ್ಲಿ. ಅಜಾರ್ ಕಟ್ಟುಕಥೆಯ ಮನುಷ್ಯನಾಗಿಯೇ ಉಳಿಯಬೇಕೆಂದು ಗ್ಯಾರಿ ಬಯಸಿದ್ದರು. ಪಾಲ್ ತನ್ನ ನಿಜವಾದ ಬದುಕಿನ ವಿವರಗಳನ್ನೇ ಹೇಳಿದ, ಬೇಡವೆಂದರೂ ಫೋಟೊ ಕೊಟ್ಟ. ಫೋಟೊ ಅಚ್ಚಾದ ಮೇಲೆ ಗುರುತಿಸುವವರು ಇರುವುದಿಲ್ಲವೇ? ನವೆಂಬರ್ 17ರಂದು ಗೊಂಕೂರ್ ಘೋಷಣೆಯಾಯಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಪಾಲ್‌ನ ಊರನ್ನೂ ಗ್ಯಾರಿಯ ಜೊತೆಗಿನ ನೆಂಟಸ್ತಿಕೆಯನ್ನೂ ಪತ್ತೆಮಾಡಿದರು.

ಪ್ರಶಸ್ತಿ ಬೇಡವೆಂದು ಅಜಾರ್ ಹೆಸರಿನಲ್ಲಿ ಪತ್ರ ಹೋಯಿತು. ವಕೀಲೆ ಜಿಸೆಲ್ ಹಲಿಮಿ ಅದರಲ್ಲಿ ನೆರವಾದರು. ಪ್ರಶಸ್ತಿ ಕೊಡುವ ಗೊಂಕೂರ್ ಅಕಾಡೆಮಿಯ ಅಧ್ಯಕ್ಷ ಎರ್ವೆ ಬಜಾಂ ಒಪ್ಪಲಿಲ್ಲ: ನಾವು ಮತ ಹಾಕುವುದು ಪುಸ್ತಕಕ್ಕೆ, ಅಭ್ಯರ್ಥಿಗಲ್ಲ ಎಂಬುದು ಅವರ ವಾದ. ಆಗ ಪ್ರಶಸ್ತಿಯ ಮೊತ್ತ ಬರೀ 50 ಫ್ರಾಂಕ್. ಲೇಖಕರಿಗೆ ನಿಜವಾದ ಗಳಿಕೆ ಅದರಿಂದಾಗುವ ಮಾರಾಟದಲ್ಲಿ.

ನೆಂಟಸ್ತಿಕೆ ಹೊರಬಿದ್ದ ಮೇಲೂ ಗುಟ್ಟು ಉಳಿದದ್ದಕ್ಕೆ ಕಾರಣ 1976ರ 'ಸ್ಯೂಡೊ'. ಇದನ್ನು ಗ್ಯಾರಿ ತರಾತುರಿಯಲ್ಲಿ ಬರೆದರು. ಪುಸ್ತಕದಲ್ಲಿ ಪಾಲ್ ಎಂಬ ಮನೋರೋಗಿ, ಹೌದು ನಾನೇ ಅಜಾರ್ ಎಂದು ಒಪ್ಪಿಕೊಂಡು ತನ್ನ ಪ್ರಸಿದ್ಧ ಬಂಧುವನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಆ ಬಂಧು ಗ್ಯಾರಿಯೇ. ತನ್ನನ್ನೇ ಇಷ್ಟು ಕೆಟ್ಟದಾಗಿ ಯಾರು ಬರೆದುಕೊಳ್ಳುತ್ತಾರೆ ಎಂದು ಜನ ನಂಬಿಬಿಟ್ಟರು. ಇಬ್ಬರ ಬರವಣಿಗೆಯಲ್ಲಿ ಹೋಲಿಕೆ ಕಂಡರೆ, ಮನೆಯ ಹುಡುಗ, ಪ್ರಭಾವ ಬಿದ್ದಿದೆ ಎಂದು ಸಮಾಧಾನ ಹೇಳಿಕೊಂಡರು.

ಎಲ್ಲಕ್ಕಿಂತ ಹೆಚ್ಚಾಗಿ ಕಾಪಾಡಿದ್ದು ಭಾಷೆ. 'ಮುಂದಿರುವ ಬದುಕು' ಹೇಳುವವನು ಅರಬ್ ಹುಡುಗ ಮೊಮೊ. ಪ್ಯಾರಿಸ್‌ನ ಬೆಲ್‌ವಿಲ್‌ನಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಆರನೆಯ ಮಹಡಿಯಲ್ಲಿ, ನಾತ್ಸಿಗಳ ಆಶ್‌ವಿಟ್ಸ್ ಮರಣಶಿಬಿರದಿಂದ ಬದುಕಿ ಬಂದ ಯಹೂದಿ ಮುದುಕಿ ಮದಾಮ್ ರೋಸಾ ವೇಶ್ಯೆಯರ ಮಕ್ಕಳನ್ನು ಸಾಕುತ್ತಾಳೆ. ಮೊಮೊ ದೊಡ್ಡವರಿಂದ ಕೇಳಿದ ಪದಗಳನ್ನು ತಪ್ಪು ಜಾಗದಲ್ಲಿ, ಸಂಪೂರ್ಣ ವಿಶ್ವಾಸದಿಂದ ಬಳಸುತ್ತಾನೆ. ಸಾಯುತ್ತಿರುವ ರೋಸಾಳ ನರಳಾಟ ನೋಡಲಾರದೆ, ಅವಳಿಗೆ 'ಗರ್ಭಪಾತ' ಮಾಡಿಸಿಬಿಡಿ ಎಂದು ಡಾಕ್ಟರನ್ನು ಬೇಡುತ್ತಾನೆ. ಪದ ತಪ್ಪು, ಆದರೆ ದಯಾಮರಣ ಎಂದಿದ್ದರೆ ಎದೆಗೆ ಇಷ್ಟು ನಾಟುತ್ತಿರಲಿಲ್ಲ. ಗ್ಯಾರಿಯ ಹಳೆಯ ಕಾದಂಬರಿಗಳ ನಿರೂಪಕರು ಲೋಕ ಕಂಡವರು, ವಾಕ್ಚತುರರು. ಅವರ ಪಕ್ಕದಲ್ಲಿ ಮೊಮೊನನ್ನು ಇಟ್ಟು ನೋಡುವ ಯೋಚನೆ ಹೆಚ್ಚಿನವರಿಗೆ ಬರಲೇ ಇಲ್ಲ. ಅಜಾರ್ ಎಂದರೆ ಹೆಸರಾಂತ ಫ್ರೆಂಚ್ ಲೇಖಕರಾದ ಕೆನೋ ಇರಬಹುದೇ, ಅರಗಾನ್ ಇರಬಹುದೇ ಎಂದು ಊಹಿಸಿದವರಿದ್ದರು. ಸುಳಿವುಗಳು ಕಣ್ಣೆದುರೇ ಇದ್ದವು: ಗ್ಯಾರಿಯ 1970ರ 'ಬಿಳಿ ನಾಯಿ' ಪುಸ್ತಕದಲ್ಲಿ ಆಗಲೇ ಒಂದು ಹೆಬ್ಬಾವು ಬಂದುಹೋಗಿದೆ!

ಗ್ಯಾರಿ 1979ರ ಮಾರ್ಚ್‌ನಲ್ಲೇ ಎಲ್ಲವನ್ನೂ ಬರೆದಿಟ್ಟಿದ್ದರು. 1980ರ ಡಿಸೆಂಬರ್ 2ರಂದು ಪ್ಯಾರಿಸ್‌ನಲ್ಲಿ ತಾವೇ ಬದುಕು ಮುಗಿಸಿಕೊಂಡರು. ಮುಂದಿನ ಜುಲೈನಲ್ಲಿ ಪಾಲ್ ಟೀವಿಯಲ್ಲಿ ಸತ್ಯ ಹೇಳಿದ ಮೇಲೆ ಆ ಬರಹ 'ಎಮಿಲ್ ಅಜಾರ್‌ನ ಬದುಕು ಮತ್ತು ಸಾವು' ಎಂಬ ಪುಟ್ಟ ಪುಸ್ತಕವಾಗಿ ಬಂತು.

ಓದಲು ಹೊರಡುವವರು 'ಮುಂದಿರುವ ಬದುಕಿ'ನಿಂದಲೇ ಶುರುಮಾಡಬೇಕು. ಇಂಗ್ಲಿಷಿನಲ್ಲಿ 'ದಿ ಲೈಫ್ ಬಿಫೋರ್ ಅಸ್' ಎಂಬ ಹೆಸರಿನಲ್ಲಿ ಸಿಗುತ್ತದೆ. ಸೋಫಿಯಾ ಲೊರೆನ್ ನಟಿಸಿದ 2020ರ ಸಿನಿಮಾ ಕಥೆಯನ್ನು ಇಟಲಿಗೆ ಒಯ್ದಿದೆ, ಅದನ್ನು ಆಮೇಲೆ ನೋಡಿದರಾಯಿತು. ಈಗಿನ ಫ್ರೆಂಚ್ ಅಗ್ಗದ ಆವೃತ್ತಿಯ ಮುಖಪುಟದಲ್ಲಿ ಲೇಖಕರ ಹೆಸರು ಹೀಗೆ ಅಚ್ಚಾಗಿರುತ್ತದೆ: ರೊಮೇನ್ ಗ್ಯಾರಿ, ಅದರ ಜೊತೆಗೆ ಕಂಸದಲ್ಲಿ ಎಮಿಲ್ ಅಜಾರ್.