ಕೆಂಪು ದೀಪ ಮಿಣುಕುತ್ತಿತ್ತು, ಕಾರ್ಡ್ ಖಾಲಿ ಇತ್ತು

ಕೊಡಗಿನ ವಿರಾಜಪೇಟೆಯಿಂದ ಹತ್ತು-ಹನ್ನೆರಡು ಕಿಲೋಮೀಟರ್ ಒಳಗೆ, ಕಾಫಿ ತೋಟದ ನಡುವೆ ಒಂದು ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲ ಮನೆ. ಜಗಲಿಯಲ್ಲಿ ನಾಲ್ಕು ಜನ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ಹಾಡುತ್ತಿದ್ದರು. ಎದುರಿಗೆ ಅಂಗೈಗಿಂತ ಸ್ವಲ್ಪ ಉದ್ದದ ನನ್ನ ರೆಕಾರ್ಡರ್. ಕೆಂಪು ದೀಪ ಮಿಣುಕುತ್ತಿತ್ತು. ಮೀಟರ್‌ನ ಕಡ್ಡಿಗಳು ದುಡಿಯ ಏಟಿಗೆ ಸರಿಯಾಗಿ ಕುಣಿಯುತ್ತಿದ್ದವು. ಹೆಡ್‌ಫೋನ್‌ನಲ್ಲಿ ಹಾಡು ಚೆನ್ನಾಗಿ ಕೇಳಿಸುತ್ತಿತ್ತು. ಎಲ್ಲಾ ಸರಿಯಾಗಿದೆ ಅಂದುಕೊಂಡು 40 ನಿಮಿಷ ಕೂತೆ.

ಹಾಡು ಮುಗಿದ ಮೇಲೆ ನೋಡಿದರೆ ಕಾರ್ಡ್‌ನಲ್ಲಿ ಏನೂ ಇಲ್ಲ.

ಆ ಮಷಿನ್‌ನಲ್ಲಿ ರೆಕಾರ್ಡ್ ಬಟನ್ ಒಂದು ಸಲ ಒತ್ತಿದರೆ ಅದು ಸುಮ್ನೆ ತಯಾರಾಗಿ ನಿಲ್ಲುತ್ತದೆ. ದೀಪ ಮಿಣುಕುತ್ತದೆ, ಮೀಟರ್ ಆಡುತ್ತದೆ, ಹೆಡ್‌ಫೋನ್‌ಗೂ ಶಬ್ದ ಬರುತ್ತದೆ. ಎರಡನೇ ಸಲ ಒತ್ತಿದಾಗಲೇ ದೀಪ ನಿಂತು ಉರಿಯುತ್ತದೆ, ಸೆಕೆಂಡಿನ ಲೆಕ್ಕ ಓಡುತ್ತದೆ. ಹಳೇ ಕ್ಯಾಸೆಟ್ ಡೆಕ್‌ನಲ್ಲಿ ಚಕ್ರ ತಿರುಗುವುದು ಕಣ್ಣಿಗೆ ಕಾಣುತ್ತಿತ್ತು. ಇದರಲ್ಲಿ ತಿರುಗುವಂಥದ್ದು ಏನೂ ಇಲ್ಲ. ಜೊತೆಗೆ ಬಂದ ಪುಸ್ತಕದಲ್ಲಿ ಇದೆಲ್ಲ ಬರೆದಿತ್ತು. ಇಷ್ಟು ವರ್ಷ ಮೈಕ್‌ಸೆಟ್ ಕಟ್ಟಿದವನು ಪುಸ್ತಕ ಓದಿ ಕಲಿಯಬೇಕಾ ಅನ್ನುವ ಜಂಬದಲ್ಲಿ ನಾನು ಅದನ್ನು ಬಿಚ್ಚಿಯೇ ಇರಲಿಲ್ಲ.

ಮುಂದೆ ನಿಂತು ಹಾಡುತ್ತಿದ್ದ ಅಜ್ಜನಿಗೆ ವಿಷಯ ಹೇಳಿದೆ. ಅವರು ದುಡಿಯನ್ನು ಪಕ್ಕಕ್ಕಿಟ್ಟು, "ಮೊದಲು ಕಾಫಿ ಕುಡಿ ಮಾರಾಯ. ಪುತ್ತರಿ ಹಬ್ಬಕ್ಕೆ ಬಾ, ಆಗ ನೋಡೋಣ" ಅಂದರು. ಬೈದಿದ್ದರೆ ವಾಸಿ ಇತ್ತು.

ನಮ್ಮದು ಮೈಕ್‌ಸೆಟ್ ಅಂಗಡಿ, ಅಪ್ಪ ಶುರು ಮಾಡಿದ್ದು. ಮದುವೆ, ಭಜನೆ, ಸ್ಕೂಲ್ ಡೇ, ಎಲ್ಲದಕ್ಕೂ ಹೋಗುತ್ತಿದ್ದೆವು. ತೊಂಬತ್ತರ ದಶಕದಲ್ಲಿ ನಾನು ಅದರ ಜೊತೆಗೆ ರೆಕಾರ್ಡಿಂಗ್ ಸೇರಿಸಿಕೊಂಡೆ. ಎಲ್ಲಾ ಮೈಕ್‌ಗಳ ಶಬ್ದ ಸೇರಿಸುವ ಮಿಕ್ಸರ್‌ನಿಂದ ಒಂದು ವೈರ್ ಎಳೆದು ಡೆಕ್‌ಗೆ ಕೊಟ್ಟು, ಸಿ-90 ಕ್ಯಾಸೆಟ್ ಹಾಕಿ ಕೂರುವುದು. ಒಂದು ಸೈಡ್‌ಗೆ 45 ನಿಮಿಷ. ಹರಿಕಥೆಯವರು ಸರಿಯಾಗಿ 45ನೇ ನಿಮಿಷಕ್ಕೇ ಒಳ್ಳೆಯ ಪದ ಎತ್ತುತ್ತಿದ್ದರು, ನಾನು ಆಗ ಕ್ಯಾಸೆಟ್ ತಿರುಗಿಸಿ ಹಾಕುತ್ತಿದ್ದೆ. ಜೂನ್ ಬಂತು ಅಂದರೆ ಇನ್ನೊಂದು ಕಷ್ಟ. ನಮ್ಮ ಮಳೆ ಗೊತ್ತಲ್ಲ, ಸೆಪ್ಟೆಂಬರ್‌ವರೆಗೆ ಗೋಡೆಯೇ ಒದ್ದೆ ಇರುತ್ತದೆ. ಟೇಪಿನ ಸುರುಳಿ ಮೇಲೆ ಬಿಳಿ ಬೂಷ್ಟು ಬರುತ್ತಿತ್ತು. ಅದನ್ನು ಹಾಗೇ ಹಾಕಿದರೆ ಡೆಕ್‌ನ ಹೆಡ್ಡೂ ಹಾಳು.

ಆಗಲೂ ಡಿಜಿಟಲ್ ಇತ್ತು. ಸೋನಿಯವರ ಮಿನಿಡಿಸ್ಕ್ 1992ರಲ್ಲೇ ಬಂದಿತ್ತು, ಡ್ಯಾಟ್ ಅನ್ನುವ ಡಿಜಿಟಲ್ ಟೇಪು ಅದಕ್ಕೂ ಮೊದಲೇ. ನಮ್ಮಂಥ ಅಂಗಡಿಯವರಿಗೆ ಅವು ಫೋಟೋದಲ್ಲಿ ನೋಡುವ ಸಾಮಾನು. ಆಮೇಲೆ ಸಿಡಿ ಬಂತು, ಮೊಬೈಲ್ ಬಂತು, ಕ್ಯಾಸೆಟ್ ಕೇಳುವವರೇ ಇಲ್ಲವಾದರು. ಸುಮಾರು 2004ರಲ್ಲಿ ರೆಕಾರ್ಡಿಂಗ್ ನಿಲ್ಲಿಸಿದೆ. ಡೆಕ್ ಗುಜರಿಗೆ ಹೋಯಿತು.

ಎರಡು ವರ್ಷದ ಕೆಳಗೆ ಬೆಂಗಳೂರಿನಲ್ಲಿರುವ ಹುಡುಗನೊಬ್ಬ, ಆ ಅಜ್ಜನ ಮೊಮ್ಮಗ, ಫೋನ್ ಮಾಡಿದ. "ಅಣ್ಣ, ನಮ್ಮ ಅಜ್ಜನ ಹಾಡು ರೆಕಾರ್ಡ್ ಮಾಡಿ ಕೊಡ್ತೀರಾ? ನಮ್ಮಲ್ಲಿ ಯಾರಿಗೂ ಪೂರ್ತಿ ಬರಲ್ಲ." ಅವನ ಅಪ್ಪನ ಮದುವೆಯ ವಾಲಗವನ್ನು ರೆಕಾರ್ಡ್ ಮಾಡಿದವನು ನಾನೇ. ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಒಂಬತ್ತು ಸಾವಿರಕ್ಕೆ ಸೆಕೆಂಡ್‌ಹ್ಯಾಂಡ್ ರೆಕಾರ್ಡರ್ ತಗೊಂಡೆ. ಜೂಮ್, ಟ್ಯಾಸ್ಕಾಮ್ ಅಂತೆಲ್ಲ ಕಂಪನಿಗಳಿವೆ. ನನ್ನದು ಯಾವುದು ಅಂತ ಬರೆದರೆ ಜಾಹೀರಾತು ಆಗುತ್ತದೆ, ಬಿಡಿ.

ಆ ಪುಟ್ಟ ಮಷಿನ್ ನನ್ನ ಹಳೇ ಕಷ್ಟಗಳನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿತು. ಮೈಕ್ ಅದರ ತಲೆಯಲ್ಲೇ ಇದೆ. ಸೆಲ್‌ನಲ್ಲಿ ನಡೆಯುತ್ತದೆ, ಹಾಗಾಗಿ ಕರೆಂಟ್ ಹೋದರೂ ಚಿಂತೆ ಇಲ್ಲ. ಜನರೇಟರ್ ಗುಂಯ್ ಅನ್ನುವುದು ವೈರ್ ಹಿಡಿದು ಒಳಗೆ ಬರುವುದಿಲ್ಲ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ಅನ್ನುವ ಗುಣಮಟ್ಟದಲ್ಲಿ ಬರೆದರೆ ಗಂಟೆಗೆ ಸುಮಾರು 1 ಜಿಬಿ. 32 ಜಿಬಿ ಕಾರ್ಡ್‌ನಲ್ಲಿ ಹತ್ತಿರ ಹತ್ತಿರ 30 ಗಂಟೆ. ಸೈಡ್ ತಿರುಗಿಸುವ ಕೆಲಸವೇ ಇಲ್ಲ!

ತೊಂದರೆ ಕೊಟ್ಟಿದ್ದು ನನ್ನ ಮೈಕ್‌ಸೆಟ್ ಬುದ್ಧಿ. ಮೈಕ್‌ಸೆಟ್‌ನವನಿಗೆ ಬರುವ ದೂರು ಒಂದೇ: "ಕೇಳಿಸ್ತಿಲ್ಲ, ಸೌಂಡ್ ಕೊಡಿ." ಅದಕ್ಕೇ ನಮ್ಮ ಕೈ ಯಾವಾಗಲೂ ವಾಲ್ಯೂಮ್ ಏರಿಸುವ ಕಡೆಗೇ ಹೋಗುತ್ತದೆ. ಕ್ಯಾಸೆಟ್ ಕೂಡ ಅದನ್ನೇ ಕಲಿಸಿತ್ತು. ಟೇಪಿಗೆ ಅದರದೇ ಒಂದು ಸುಯ್ ಅನ್ನುವ ಸದ್ದು. ಲೆವೆಲ್ ಕಮ್ಮಿ ಇಟ್ಟರೆ ಹಾಡು ಆ ಸದ್ದಿನಲ್ಲೇ ಮುಳುಗುತ್ತಿತ್ತು. ಸೂಜಿ ಕೆಂಪಿಗೆ ಒಂಚೂರು ತಾಗಿದರೂ ಟೇಪು ಸಹಿಸಿಕೊಳ್ಳುತ್ತಿತ್ತು. ಡಿಜಿಟಲ್‌ಗೆ ಆ ತಾಳ್ಮೆ ಇಲ್ಲ. ಮೀಟರ್‌ನ ತುದಿಯಲ್ಲಿರುವ ಸೊನ್ನೆ ದಾಟಿತೋ, ಅಲೆಯ ತಲೆ ಕತ್ತರಿಸಿಬಿಡುತ್ತದೆ. ಶಬ್ದ ಒಡೆಯುತ್ತದೆ, ಆಮೇಲೆ ಯಾರಪ್ಪನಿಂದಲೂ ಸರಿ ಮಾಡೋಕೆ ಆಗಲ್ಲ. ಕೆಳಗಡೆ ಮಾತ್ರ ಬೇಕಾದಷ್ಟು ಜಾಗ ಇದೆ. ತೀರ ಮೆಲ್ಲಗಿನ ಶಬ್ದಕ್ಕೂ ತೀರ ಜೋರಿನದಕ್ಕೂ ನಡುವಿನ ಅಂತರ 16 ಬಿಟ್‌ಗೆ ಲೆಕ್ಕದ ಪ್ರಕಾರ 96 ಡಿಬಿ (ಡೆಸಿಬೆಲ್), 24 ಬಿಟ್‌ಗೆ 144. ಮೈಕ್ ಮತ್ತು ಅದರ ಶಬ್ದ ಏರಿಸುವ ಪ್ರಿಆಂಪ್ ಅಷ್ಟು ಶುದ್ಧ ಇರುವುದಿಲ್ಲ ಅನ್ನುವುದು ಬೇರೆ ಮಾತು. ಆದರೂ ಈಗ ನಾನು ಜೋರು ಪೆಟ್ಟು ಮೈನಸ್ 12ರ ಆಸುಪಾಸಿಗೆ ಬರುವಂತೆ ಇಟ್ಟು ಕೈ ಕಟ್ಟಿ ಕೂರುತ್ತೇನೆ. ಕೈ ಕಟ್ಟಿ ಕೂರೋದು ಕಲಿಯೋಕೇ ಆರು ತಿಂಗಳು ಬೇಕಾಯಿತು.

ಪುತ್ತರಿಯ ರಾತ್ರಿ ಇನ್ನೊಂದು ಪಾಠ ಆಯಿತು. ಹೊಸ ಭತ್ತದ ಕದಿರು ತೆಗೆಯುವುದಕ್ಕೆ ಎಲ್ಲರೂ ಗದ್ದೆಗೆ ಇಳಿದೆವು. ಹುಣ್ಣಿಮೆ ಬೆಳಕು, ಕಾಲಿಗೆಲ್ಲ ಇಬ್ಬನಿ. ಗಾಳಿ ತಡೆಯೋಕೆ ಮೈಕ್‌ಗೆ ಹಾಕಿದ್ದ ತುಪ್ಪಳದ ಟೋಪಿ ಒದ್ದೆ ಬೆಕ್ಕಿನ ಮರಿ ಹಾಗಾಗಿತ್ತು. ಕದಿರು ಕೊಯ್ಯುವ ಹೊತ್ತಿಗೆ ಕೋವಿಯಿಂದ ಗುಂಡು ಹಾರಿಸುತ್ತಾರೆ, "ಪೊಲಿ ಪೊಲಿ ದೇವಾ" (ಹೆಚ್ಚಲಿ ದೇವರೇ) ಅಂತ ಕೂಗುತ್ತಾರೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಗುಂಡಿನ ಶಬ್ದ ಒಡೆಯಬಾರದು ಅಂತ ಜಾಣತನ ಮಾಡಿ, ಮಷಿನ್ ತಾನೇ ಲೆವೆಲ್ ಏರಿಳಿಸುವ ಆಟೋ ಲೆವೆಲ್ ಹಾಕಿಟ್ಟಿದ್ದೆ. ಗುಂಡು ಹಾರಿತು. ಮಷಿನ್ ಬೆದರಿ ಲೆವೆಲ್ಲನ್ನು ಪೂರ್ತಿ ಕೆಳಗೆ ಎಳೆದುಕೊಂಡಿತು. ಅದು ಮೆಲ್ಲಗೆ ಮೇಲೆ ಬರುವಷ್ಟರಲ್ಲಿ "ಪೊಲಿ ಪೊಲಿ" ಮುಗಿದು ಹೋಗಿತ್ತು. ಕೇಳಿದರೆ ಒಂದು ಢಂ, ಆಮೇಲೆ ಬಾವಿಯೊಳಗಿಂದ ಯಾರೋ ಕೂಗಿದ ಹಾಗೆ, ಆಮೇಲೆ ನಾಯಿ ಮಾತ್ರ ಸ್ಪಷ್ಟ.

ಕೆಲವು ಮಷಿನ್‌ಗಳು ಅದೇ ಶಬ್ದವನ್ನು 12 ಡಿಬಿ ಕೆಳಗೆ ಇಟ್ಟು ಇನ್ನೊಂದು ಫೈಲ್ ಕೂಡ ಬರೆದುಕೊಳ್ಳುತ್ತವೆ. ಈಗೀಗ ತುಂಬಾ ಮೆಲ್ಲಗಿನದನ್ನೂ ತುಂಬಾ ಜೋರಿನದನ್ನೂ ಒಟ್ಟಿಗೆ ಬರೆದುಕೊಳ್ಳುವ 32 ಬಿಟ್ ಫ್ಲೋಟ್ ಬಂದಿದೆ, ಲೆವೆಲ್ ಹೊಂದಿಸುವ ಗೋಜೇ ಇಲ್ಲ ಅನ್ನುತ್ತಾರೆ. ನಿಜ, ಆದರೆ ಮೈಕೇ ತಡೆಯಲಾರದಷ್ಟು ಶಬ್ದ ಬಂದರೆ ಅದೂ ಏನು ಮಾಡುತ್ತದೆ? ನಾನಂತೂ ಆಟೋ ಲೆವೆಲ್‌ಗೆ ಕೈ ಮುಗಿದೆ. ಗುಂಡು ಒಡೆದರೆ ಒಡೆಯಲಿ, ಜನರ ದನಿ ಉಳಿಯಲಿ.

ಹಬ್ಬ ಕಳೆದು ಮೂರು ದಿನಕ್ಕೆ ಮತ್ತೆ ಐನ್‌ಮನೆಗೆ ಹೋದೆ. ಈ ಸಲ ಬಟನ್ ಎರಡು ಸಲ ಒತ್ತಿ, ಸೆಕೆಂಡ್ ಓಡುವುದನ್ನು ಬೆರಳಿಟ್ಟು ನೋಡಿದೆ. ಆದರೂ ಮೊದಲ ಹತ್ತು ನಿಮಿಷ ಕೆಟ್ಟಿತು. ಕಾರಣ ಮತ್ತೆ ಅದೇ ಬುದ್ಧಿ. ಮೈಕ್ ಅಂದರೆ ಬಾಯಿ ಹತ್ತಿರ ಇಡಬೇಕು ಅಂತ ಅಜ್ಜನ ಎದುರಿಗೇ, ಐಮರದ (ಜಗಲಿಯ ಕಂಬಗಳ ನಡುವೆ ಕೂರುವ ಮರದ) ಹಲಗೆ ಮೇಲೆ ಇಟ್ಟಿದ್ದೆ. ಕೇಳಿದರೆ ಅಜ್ಜನ ಉಸಿರು, ಅಜ್ಜನ ದುಡಿ, ಆ ದುಡಿಯ ಕೋಲಿನ ಟಕಟಕ. ಉಳಿದ ಮೂವರು ಪಕ್ಕದ ಮನೆಯಲ್ಲಿ ಹಾಡಿದ ಹಾಗಿತ್ತು. ಹಲಗೆ ಮೇಲೆ ಯಾರೋ ಕಾಲು ಅಲ್ಲಾಡಿಸಿದರೆ ಧಡ್ ಧಡ್ ಅಂತ ನೇರ ಒಳಗೆ ಬರುತ್ತಿತ್ತು.

ಆ ಹಾಡಿನ ಚೆಂದವೇ ಅದರಲ್ಲಿ ತಪ್ಪಿ ಹೋಗಿತ್ತು. ಇಬ್ಬರು ಒಂದು ಸಾಲು ಎತ್ತುತ್ತಾರೆ, ಇನ್ನಿಬ್ಬರು ಅದನ್ನು ಹಿಡಿದು ಮತ್ತೆ ಹೇಳುತ್ತಾರೆ. ಹೀಗೆ ಹೋಗುತ್ತಾ ಬರುತ್ತಾ ಇದ್ದರೇ ಅದು ಹಾಡು. ನನಗೆ ಕೊಡವ ತಕ್ಕ್ ಅರ್ಥವಾಗುತ್ತದೆ, ಮಾತಾಡುವುದು ಅಷ್ಟಕ್ಕಷ್ಟೆ. ಆದರೆ ಎರಡನೇ ಜೋಡಿ ಕೇಳದಿದ್ದರೆ ಹಾಡು ಕುಂಟುತ್ತದೆ ಅನ್ನುವುದು ತಿಳಿಯೋಕೆ ಭಾಷೆ ಬೇಕಿಲ್ಲ.

ಅವರಿಗೆ ಹಾಡುತ್ತಲೇ ಇರಿ ಅಂತ ಹೇಳಿ, ಒಂದು ಕಿವಿ ಮುಚ್ಚಿಕೊಂಡು ಅಂಗಳದಲ್ಲಿ ಓಡಾಡಿದೆ. ನೋಡಿದವರು ನಕ್ಕರು. ಎರಡು ಕಿವಿ ಇದ್ದರೆ ಮನಸ್ಸು ಬೇಕಾದ್ದನ್ನು ಆರಿಸಿಕೊಳ್ಳುತ್ತದೆ, ಮೈಕ್‌ಗೆ ಆ ಉಪಾಯ ಗೊತ್ತಿಲ್ಲ. ಒಂದು ಕಿವಿಯಲ್ಲಿ ಕೇಳಿದರೆ ಹೆಚ್ಚುಕಮ್ಮಿ ಮೈಕ್‌ಗೆ ಕೇಳುವುದೇ ನಮಗೂ ಕೇಳುತ್ತದೆ. ಆರೇಳು ಅಡಿ ಹಿಂದೆ ಬಂದಾಗ ಎರಡೂ ಜೋಡಿ ಸಮ ಆಯಿತು. ಅಲ್ಲೇ ಸ್ಟ್ಯಾಂಡ್ ಇಟ್ಟು, ಅದರ ಕಾಲಿಗೆ ಮಡಚಿದ ಕಂಬಳಿ ಕೊಟ್ಟು, ಮಷಿನ್ನನ್ನು ಹಣೆಯ ಎತ್ತರಕ್ಕೆ ಏರಿಸಿದೆ. ಎದೆಯ ಹತ್ತಿರದ ದುಡಿ ಒಂಚೂರು ಹಿಂದೆ ಸರಿದು, ದನಿ ಮುಂದೆ ಬಂತು. ಎಡಕ್ಕೆ ಮೊದಲ ಜೋಡಿ, ಬಲಕ್ಕೆ ಎರಡನೆಯದು.

ಆಗ ಇನ್ನೊಂದು ಸಣ್ಣ ಗುಂಯ್ ಕೇಳಿಸಿತು. ಒಳಗಿನ ಫ್ರಿಜ್. ಅದನ್ನು ಆಫ್ ಮಾಡಿ, ನನ್ನ ಬೈಕಿನ ಕೀಯನ್ನು ಅದರೊಳಗೆ ಹಬ್ಬದ ಪಂದಿ ಕರಿಯ ಪಾತ್ರೆ ಪಕ್ಕದಲ್ಲಿ ಇಟ್ಟೆ. ಮನೆಗೆ ಹೋಗಬೇಕಾದರೆ ಕೀ ಬೇಕು, ಕೀ ತೆಗೆಯೋಕೆ ಬಾಗಿಲು ತೆರೆದರೆ ಒಳಗಿನ ಲೈಟ್ ಉರಿಯಲ್ಲ, ಸ್ವಿಚ್ ನೆನಪಾಗುತ್ತದೆ. ಇದು ಸೌಂಡ್ ಕೆಲಸದವರು ಒಬ್ಬರಿಂದೊಬ್ಬರು ಕಲಿತ ಉಪಾಯ, ನನ್ನದಲ್ಲ. ಮನೆಯ ಅಕ್ಕ ಮಾತ್ರ, "ಪಂದಿ ಕರಿ ಕೆಟ್ಟರೆ ನಿಮ್ಮ ಬಾಡಿಗೆಯಲ್ಲಿ ಹಿಡ್ಕೊಳ್ತೀನಿ" ಅಂದರು.

ಸ್ಟೇಜ್ ಕಾರ್ಯಕ್ರಮದ ಲೆಕ್ಕ ಬೇರೆ. ಅಲ್ಲಿ ಮೈಕ್‌ಸೆಟ್ ನಮ್ಮದೇ ಇರುವುದರಿಂದ, ಮಿಕ್ಸರ್‌ನಿಂದ ವೈರ್ ಎಳೆದರೆ ಮುಗಿಯಿತು ಅಂತ ಹಳೇ ಅಭ್ಯಾಸ. ಒಂದು ದೇವಸ್ಥಾನದ ಭಜನೆಯಲ್ಲಿ ಹಾಗೇ ಮಾಡಿದೆ. ಗಾಯಕರ ದನಿ ಕಿವಿಯ ಹತ್ತಿರ, ತಬಲಾ ಎಲ್ಲೋ, ತಾಳ ಇಲ್ಲವೇ ಇಲ್ಲ. ತಾಳದ ಶಬ್ದ ಹಾಲ್‌ಗೆ ತಾನಾಗೇ ಸಾಕಾಗುತ್ತದೆ, ಅದಕ್ಕೆ ಯಾರೂ ಮೈಕ್ ಕೊಟ್ಟಿರುವುದಿಲ್ಲ. ಮಿಕ್ಸರ್‌ನಲ್ಲಿ ಇಲ್ಲದ್ದು ರೆಕಾರ್ಡಿಂಗ್‌ನಲ್ಲಿ ಎಲ್ಲಿಂದ ಬರಬೇಕು? ಈಗ ನಾಲ್ಕು ಶಬ್ದವನ್ನು ಬೇರೆ ಬೇರೆಯಾಗಿ ಹಿಡಿಯುವ ನಾಲ್ಕು ಟ್ರ್ಯಾಕ್‌ನ ಮಷಿನ್ ಬಾಡಿಗೆಗೆ ತಂದು, ಎರಡಕ್ಕೆ ಮಿಕ್ಸರ್ ಲೈನ್, ಎರಡಕ್ಕೆ ಮಷಿನ್‌ನದೇ ಮೈಕ್ ಕೊಡುತ್ತೇನೆ. ಒಂದು ಎಚ್ಚರ ಬೇಕು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಮಷಿನ್ 17 ಮೀಟರ್ ಹಿಂದೆ ಇದ್ದರೆ ಅದರ ಮೈಕ್‌ಗೆ ಹಾಡು 50 ಮಿಲಿಸೆಕೆಂಡ್ ತಡವಾಗಿ ಸೇರುತ್ತದೆ. ಹಾಗೇ ಬೆರೆಸಿದರೆ ಪ್ರತಿ ತಾಳವೂ ಎರಡೆರಡು. ಶುರುವಿಗೆ ಸ್ಟೇಜ್ ಮೇಲೆ ನಿಂತು ಮೈಕ್ ಎದುರು ಒಂದು ಚಪ್ಪಾಳೆ ಹೊಡೆದಿಟ್ಟರೆ, ಆಮೇಲೆ ಕಂಪ್ಯೂಟರ್‌ನಲ್ಲಿ ಎರಡು ಚಪ್ಪಾಳೆಯನ್ನು ಒಂದರ ಮೇಲೊಂದು ಕೂರಿಸಬಹುದು.

ದುಡ್ಡಿನ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. "ಮೊಬೈಲ್‌ನಲ್ಲೇ ಆಗುತ್ತಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ವಾದ ಮಾಡುವುದು ಬಿಟ್ಟಿದ್ದೇನೆ. ಅವರದೇ ಮೊಬೈಲಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಸಿ, ನನ್ನದರ ಜೊತೆ ಕೇಳಿಸುತ್ತೇನೆ. ಸಾಕು ಅಂದರೆ ಅವರಿಗೆ ಅದೇ ಸಾಕು. ಇನ್ನು ಯಾವ ಹಾಡು ಮನೆಯಲ್ಲೇ ಇರಬೇಕು, ಯಾವುದನ್ನು ಹೊರಗೆ ಹಾಕಬಹುದು ಅಂತ ಹಾಡಿದವರನ್ನೇ ಕೇಳುತ್ತೇನೆ. ಮಳೆಗಾಲದಲ್ಲಿ ಮಷಿನ್ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮಲಗಿರುತ್ತದೆ.

ಅಜ್ಜನ ಹಾಡು 52 ನಿಮಿಷ ಬಂತು. ಮೊಮ್ಮಗನಿಗೆ ಪೆನ್‌ಡ್ರೈವ್ ಕೊಟ್ಟೆ. ಅಜ್ಜನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ, "ನನಗೂ ಒಂದು ಕೊಡು, ಕ್ಯಾಸೆಟ್‌ನಲ್ಲಿ ಹಾಕಿ ಕೊಡು. ನನ್ನ ಟೇಪ್‌ರೆಕಾರ್ಡರ್ ಇನ್ನೂ ಚೆನ್ನಾಗಿದೆ" ಅಂದರು.

ಗೋಣಿಕೊಪ್ಪದ ಗೆಳೆಯನ ಹತ್ತಿರ ಓಡುವ ಡೆಕ್ ಒಂದು ಸಿಕ್ಕಿತು. ನಮ್ಮ ಅಟ್ಟದಲ್ಲಿ ಪ್ಲಾಸ್ಟಿಕ್ ಕೂಡ ಬಿಚ್ಚದ ಒಂದೇ ಒಂದು ಸಿ-90 ಇತ್ತು. ಒಂದು ಸೈಡ್‌ಗೆ 45 ನಿಮಿಷ, ಹಾಡು 52. ಎಲ್ಲಿ ನಿಲ್ಲಿಸಿ ತಿರುಗಿಸುವುದು ಅಂತ ಗೊತ್ತಾಗದೆ ಅಜ್ಜನಿಗೇ ಫೋನ್ ಮಾಡಿದೆ. ಅವರು ಫೋನ್‌ನಲ್ಲೇ ಮೆಲ್ಲಗೆ ಹಾಡುತ್ತಾ ಹೋಗಿ ಒಂದು ಕಡೆ ನಿಂತರು. "ಇಲ್ಲಿ ಉಸಿರು ತಗೊಳ್ತೀವಲ್ಲ, ಇಲ್ಲಿ ತಿರುಗಿಸು."