ಮಾರ್ಚ್ 31ರೊಳಗೆ

ಕೆನಡಾದ ಉತ್ತರದ ಇಕಾಲುಯಿಟ್ ವಿಮಾನ ನಿಲ್ದಾಣದಲ್ಲಿ ಅದು ನನ್ನ ಎರಡನೇ ದಿನ. ಗಾಜಿನಾಚೆ ಬಿಳಿ ಗಾಳಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಪಾಂಗ್ನಿರ್ಟುಂಗ್‌ಗೆ ಹೋಗುವ ವಿಮಾನ ಮತ್ತೆ ರದ್ದಾಗಿತ್ತು. ಕಾಲ ಬಳಿ ನನ್ನ ಎರಡು ದೊಡ್ಡ ಪೆಟ್ಟಿಗೆಗಳು. ಒಂದರಲ್ಲಿ ಪ್ರಥಮ ಚಿಕಿತ್ಸೆ ಕಲಿಸುವ ಗೊಂಬೆ, ಇನ್ನೊಂದರಲ್ಲಿ ಹಗ್ಗ, ಬೆಲ್ಟು, ವಿಷಗಾಳಿ ಅಳೆಯುವ ನಾಲ್ಕು ಗ್ಯಾಸ್ ಮೀಟರ್. ಪಕ್ಕದಲ್ಲಿ ಒಬ್ಬ ತಾಯಿ ಮಗುವನ್ನು ಕೋಟಿನ ಬೆನ್ನಿನ ಟೋಪಿಯೊಳಗೆ ಇಟ್ಟುಕೊಂಡು ನೆಮ್ಮದಿಯಾಗಿ ಕೂತಿದ್ದಳು. ನನಗೆ ಮಾತ್ರ ನೆಮ್ಮದಿ ಇರಲಿಲ್ಲ. ಆವತ್ತು ಮಾರ್ಚ್ 24. ಈ ತರಬೇತಿಯ ಹಣ ಮಾರ್ಚ್ 31ಕ್ಕೆ ಸತ್ತುಹೋಗುತ್ತದೆ.

ನಾನು ಒಟ್ಟಾವಾದಲ್ಲಿದ್ದೇನೆ, ಸೇಫ್ಟಿ ಟ್ರೇನರ್. ಅದಕ್ಕೂ ಮುಂಚೆ ಬಳ್ಳಾರಿ ಕಡೆಯ ಒಂದು ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ಕೆನಡಾದ ತುತ್ತತುದಿಯ ನುನಾವುಟ್‌ಗೆ ಹೋಗಲು ಶುರು ಮಾಡಿದ ಮೇಲೆ ದೂರ ಅಂದರೇನು ಅಂತ ಹೊಸದಾಗಿ ಕಲಿತೆ. ಅಲ್ಲಿರುವುದು 25 ಊರು. ಒಂದರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ಇಡೀ ಪ್ರಾಂತ್ಯದ ಜನ 2021ರ ಗಣತಿಯಲ್ಲಿ 36,858. ಅವರಲ್ಲಿ ಬಹುಪಾಲು ಇನುಯಿಟ್ ಜನ, ಅಲ್ಲಿನ ಮೂಲನಿವಾಸಿಗಳು. ವರ್ಷವಿಡೀ ವಿಮಾನ, ಬೇಸಿಗೆಯಲ್ಲಿ ಐಸ್ ಕರಗಿದಾಗ ಹಡಗು. ಬೇರೆ ದಾರಿ ಇಲ್ಲ.

ಪಾಂಗ್ನಿರ್ಟುಂಗ್‌ನಲ್ಲಿ ಸುಮಾರು 1,500 ಜನ. ಮನೆಗಳಿಗೆ ನೀರಿನ ಪೈಪಿಲ್ಲ. ನೀರಿನ ಲಾರಿ ಬಂದು ಮನೆಯ ಟ್ಯಾಂಕ್ ತುಂಬಿಸುತ್ತದೆ. ಬಳಸಿದ ಕೊಳೆನೀರು ಇನ್ನೊಂದು ಟ್ಯಾಂಕಿಗೆ ಇಳಿಯುತ್ತದೆ, ಅದನ್ನು ಹೀರಿಕೊಂಡು ಹೋಗಲು ಮತ್ತೊಂದು ಲಾರಿ. ಈ ಲಾರಿಗಳ ಚಾಲಕರಿಗೇ ನಾನು ಪಾಠ ಹೇಳಬೇಕಿತ್ತು: ಟ್ಯಾಂಕಿನಂಥ ಮುಚ್ಚಿದ ಜಾಗಕ್ಕೆ ಯಾವಾಗ ಇಳಿಯಬಾರದು, ಇಳಿಯಲೇಬೇಕಾದರೆ ಹೇಗೆ.

ಇನ್ನು ಹಣದ ವಿಷಯ. ಅನುದಾನ ಕೊಡುವ ಕಚೇರಿ ದಕ್ಷಿಣದಲ್ಲಿದೆ, ಹೆಸರು ಬೇಡ. ಸರ್ಕಾರಿ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 31ಕ್ಕೆ ಮುಗಿಯುತ್ತದೆ, ನಮ್ಮ ದೇಶದ ಹಾಗೆಯೇ. ಅರ್ಜಿ ಹಾಕಿ, ಪರಿಶೀಲನೆಯಾಗಿ, ಮಂಜೂರಾಗುವಷ್ಟರಲ್ಲಿ ಡಿಸೆಂಬರ್. ಆಮೇಲೆ ಉಳಿಯುವುದು ಬರೀ ಹಿಮಬಿರುಗಾಳಿಯ ತಿಂಗಳುಗಳು. ತರಬೇತಿ ಎರಡು ದಿನ, 12 ಜನ, ತಲೆಗೆ ಇಷ್ಟು ಅಂತ ಹಣ. ಹವಾಮಾನಕ್ಕೆ ಕಾಯುವ ದಿನಗಳಿಗೆ ಕಾಲಂ ಇಲ್ಲ. ನನ್ನ ವಿಮಾನದ ಟಿಕೆಟ್ಟೇ ಮೂರು ಸಾವಿರ ಡಾಲರ್ ದಾಟಿತ್ತು. ಇಕಾಲುಯಿಟ್‌ನಲ್ಲಿ ಒಂದು ರಾತ್ರಿಯ ಹೋಟೆಲ್ ಬಾಡಿಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹೀಗಾಗಿ ಪಾಠ ಶುರುವಾಗುವ ಮೊದಲೇ ಪಾಠದ ಹಣ ಕರಗುತ್ತಿತ್ತು.

ಮೂರನೇ ದಿನ ಗಾಳಿ ನಿಂತಿತು. ಬೆಟ್ಟಗಳ ನಡುವೆ ಇಳಿದು, ಊರ ಮಧ್ಯದಲ್ಲೇ ಇರುವ ಪುಟ್ಟ ರನ್‌ವೇ ಮೇಲೆ ವಿಮಾನ ನಿಂತಾಗ ಪಕ್ಕದವರು ಸುಮ್ನೆ ನಕ್ಕರು. ನಾನು ಸೀಟಿನ ಕೈ ಹಿಡಿದುಕೊಂಡೇ ಇದ್ದೆ.

ಲಾರಿ ನಿಲ್ಲಿಸುವ ಗ್ಯಾರೇಜಿನಲ್ಲಿ ಕ್ಲಾಸು. 12 ಜನರ ಬದಲು ಒಂಬತ್ತು ಜನ ಬಂದರು. ಎರಡು ದಿನ ಬಿರುಗಾಳಿ ಇತ್ತಲ್ಲ, ಮನೆಗಳ ಕೊಳೆನೀರಿನ ಟ್ಯಾಂಕುಗಳೆಲ್ಲ ತುಂಬಿ ನಿಂತಿದ್ದವು. ಉಳಿದ ಮೂವರು ಲಾರಿ ಓಡಿಸುತ್ತಿದ್ದರು. ಅವರು ಬರಲಿಲ್ಲ ಅಂತ ಹೇಗೆ ಬೇಸರಪಡಲಿ?

ನಾನು ಹೈಡ್ರೋಜನ್ ಸಲ್ಫೈಡ್‌ನಿಂದ ಶುರು ಮಾಡಿದೆ. ಕೊಳೆನೀರಿನಿಂದ ಏಳುವ ಗ್ಯಾಸ್. ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ನೂರು ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ದಾಟಿದರೆ ಮೂಗು ಸತ್ತುಹೋಗುತ್ತದೆ, ವಾಸನೆ ನಿಂತಿತು ಅಂತ ನಂಬಿ ಇಳಿದವನು ಕುಸಿಯುತ್ತಾನೆ. ಇಂಗ್ಲಿಷಿನಲ್ಲಿ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಚಾಲಕರಿಬ್ಬರು ಮರ್ಯಾದೆಗೆ ತಲೆಯಾಡಿಸಿದರು. ಅರ್ಥವಾಗಿಲ್ಲ ಅಂತ ಗೊತ್ತಾಯಿತು.

ಅನುವಾದಕರಿಗೆ ಅನುದಾನದಲ್ಲಿ ಹಣ ಇಟ್ಟಿರಲಿಲ್ಲ. ಆದರೂ ಊರಿನ ಒಬ್ಬ ಅಜ್ಜಿ ಬಂದು ಕೂತಿದ್ದರು, ಅವರ ಮೊಮ್ಮಗ ಚಾಲಕ. ನಾನು ಅವರತ್ತ ನೋಡಿದೆ. ಅವರು ಎದ್ದು ಬೋರ್ಡಿನ ಬಳಿ ಬಂದು ಒಂದು ಹಿಮದ ಮನೆ ಬರೆದರು. ಮೇಲೆ ಒಂದು ಚಿಕ್ಕ ತೂತು. ಅದರ ಪಕ್ಕದಲ್ಲಿ ತಮ್ಮ ಲಿಪಿಯಲ್ಲಿ ಒಂದು ಪದ. (ಆ ಲಿಪಿ ನೋಡಿದರೆ ನನಗೆ ನಮ್ಮ ಕಾಗುಣಿತ ನೆನಪಾಗುತ್ತದೆ. ಒಂದೇ ಅಕ್ಷರ, ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರೆ ಪಿ, ಪು, ಪ.) "ಕಿಂಗಕ್" ಅಂದರು ಅಜ್ಜಿ. ಮೂಗು. ಹಿಮದ ಮನೆಯ ಗಾಳಿಕಂಡಿಗೂ ಅವರಲ್ಲಿ ಮೂಗು ಅಂತಲೇ ಹೆಸರು. ಆ ಮೂಗು ಮುಚ್ಚಿಕೊಂಡರೆ ಒಳಗೆ ದೀಪ, ಒಲೆ ಉರಿಸಿ ಮಲಗಿದವರು ಏಳುವುದಿಲ್ಲ. ಟ್ಯಾಂಕಿಗೆ ಮೂಗಿಲ್ಲ, ನಿಮ್ಮ ಮೂಗೂ ಅಲ್ಲಿ ಕೆಲಸಕ್ಕೆ ಬರಲ್ಲ, ಅದಕ್ಕೇ ಈ ಮೀಟರ್ ಅಂತ ಅವರು ತಮ್ಮ ಭಾಷೆಯಲ್ಲಿ ಹೇಳಿದರು. ಹಿಂದಿನ ಸಾಲಿನವರು ಮುಂದಕ್ಕೆ ಬಾಗಿ ಕೂತರು. ಪ್ರಶ್ನೆಗಳು ಶುರುವಾದವು. ನಾನು 20 ಸ್ಲೈಡ್‌ಗಳಲ್ಲಿ ಮಾಡಲಾಗದ್ದನ್ನು ಆಕೆ ಐದು ನಿಮಿಷದಲ್ಲಿ ಮಾಡಿದರು.

ಮಧ್ಯಾಹ್ನ ಹೊರಗೆ ಹೋಗಿ ಲಾರಿಯ ಟ್ಯಾಂಕಿನ ಮುಚ್ಚಳ ತೆಗೆದೆವು. ಮೀಟರನ್ನು ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರೆ ಅಕ್ಷರಗಳು ಮೆಲ್ಲಗೆ ತೆವಳುತ್ತಿದ್ದವು. ಅಂಥ ಚಳಿಯಲ್ಲಿ ಪರದೆಯೂ ಮರಗಟ್ಟುತ್ತದೆ. ಒಬ್ಬ ಹುಡುಗ ಅದನ್ನು ತೆಗೆದುಕೊಂಡು ಕೋಟಿನ ಒಳಗೆ, ಎದೆಗೆ ಒತ್ತಿಟ್ಟುಕೊಂಡ. ಎರಡು ನಿಮಿಷ ಬಿಟ್ಟು ಮತ್ತೆ ಇಳಿಬಿಟ್ಟ. ಆಮ್ಲಜನಕ ಶೇಕಡಾ 20.9 ಇರಬೇಕಾದ ಕಡೆ 19.3. ಮೀಟರ್ ಕಿರುಚಿತು. ಯಾರೂ ಮಾತಾಡಲಿಲ್ಲ.

ಆಗ ಅದೇ ಹುಡುಗ ಕೇಳಿದ, "ಬೇಡ ಅನ್ನುವ ಹಕ್ಕಿದೆ ಅಂದಿರಲ್ಲ. ನಾನು ಬೇಡ ಅಂದರೆ ನನ್ನ ಚಿಕ್ಕಮ್ಮನ ಮನೆಯ ಟ್ಯಾಂಕ್ ತುಂಬಿ ನಿಲ್ಲುತ್ತೆ. ಅವಳಿಗೆ ಏನು ಹೇಳಲಿ?" ಕೆನಡಾದಲ್ಲಿ ಅಪಾಯದ ಕೆಲಸ ನಿರಾಕರಿಸುವ ಹಕ್ಕು ಕಾನೂನಿನಲ್ಲೇ ಇದೆ, ನಿಜ. ಆದರೆ ಊರಿಗೆಲ್ಲ ಕೆಲವೇ ಚಾಲಕರಿರುವಾಗ ಆ ಹಕ್ಕು ಬಳಸಲು ಇನ್ನೊಬ್ಬ ತರಬೇತಾದ ಚಾಲಕ ಬೇಕು, ಇನ್ನೊಂದು ಮೀಟರ್ ಬೇಕು. ಅಂದರೆ ಹಣ ಬೇಕು. ಅವನಿಗೆ ಅದನ್ನೇ ಹೇಳಿದೆ.

ಹೇಳುವಾಗ ನಮ್ಮ ಊರುಗಳು ಕಣ್ಣ ಮುಂದೆ ಬಂದವು. ಮ್ಯಾನ್‌ಹೋಲಿಗೆ ಒಬ್ಬ ಇಳಿದ, ಬಿದ್ದ. ಎತ್ತಲು ಇನ್ನೊಬ್ಬ ಇಳಿದ, ಅವನೂ ಬಿದ್ದ. ಎಷ್ಟು ಸಲ ಓದಿದ್ದೇವೆ ಅಲ್ವಾ? ರಕ್ಷಣೆಯಿಲ್ಲದೆ ಯಾರನ್ನೂ ಹಾಗೆ ಇಳಿಸಬಾರದು ಅಂತ 2013ರಲ್ಲೇ ಕಾನೂನು ಬಂತು. ಸಾವು ನಿಲ್ಲಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿನ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಆ ಕುಟುಂಬಗಳಿಗೆ ಅದು ಸಿಗಲೇಬೇಕು. ಆದರೆ ಸತ್ತ ಮೇಲೆ ಕೊಡುವ ಹಣದ ಒಂದು ಚೂರು ಮೊದಲೇ ಮೀಟರಿಗೆ, ಪಾಠಕ್ಕೆ ಬಂದಿದ್ದರೆ ಅಂತ ನನಗೆ ಆವತ್ತು ಗಂಟಲು ಕಟ್ಟಿತು.

ಹೊರಡುವಾಗ ನನ್ನ ಊಟದ ಭತ್ಯೆಯನ್ನು ಕವರಿನಲ್ಲಿಟ್ಟು ಅಜ್ಜಿಗೆ ಕೊಟ್ಟೆ. ಆಕೆ ಬೇಡ ಅಂದರು. ಇದು ನಿಮ್ಮ ಸಂಬಳ ಅಂದೆ. "ಕುಯನ್ನಮೀಕ್" ಅಂತ ತೆಗೆದುಕೊಂಡರು, ಅಂದರೆ ಥ್ಯಾಂಕ್ಸ್. ಎರಡು ಮೀಟರ್ ಅಲ್ಲೇ ಬಿಟ್ಟು ಬಂದೆ.

ವರದಿಯ ಫಾರ್ಮಿನಲ್ಲಿ ಕೇಳಿದ್ದು ಒಂದೇ: ಎಷ್ಟು ಪ್ರಮಾಣಪತ್ರ? 9 ಅಂತ ಬರೆದೆ. ಮೂರು ಜನರ ಹಣ ವಾಪಸ್ ಕೇಳಿದರು. ಈ ಸಲದ ಅರ್ಜಿಯಲ್ಲಿ ಮೂರು ಸಾಲು ಹೊಸದಾಗಿ ಸೇರಿಸಿದ್ದೇನೆ: ಅನುವಾದಕರ ಸಂಬಳ, ಹವಾಮಾನಕ್ಕೆ ಮೂರು ದಿನ, ಮೀಟರ್ ಪರೀಕ್ಷಿಸುವ ಗ್ಯಾಸ್ ಸಿಲಿಂಡರ್. ತರಬೇತಿ ಸೆಪ್ಟೆಂಬರ್‌ನಲ್ಲಿ ಇಡಿ ಅಂತಲೂ ಕೇಳಿದ್ದೇನೆ.

ಕಳೆದ ವಾರ ಆ ಹುಡುಗ ಒಂದು ಫೋಟೊ ಕಳಿಸಿದ. ಲಾರಿಯ ಕ್ಯಾಬಿನ್ನಿನಲ್ಲಿ ಮೀಟರ್ ನೇತಾಡುತ್ತಿದೆ. ಅದರ ಮೇಲೆ ಅಂಟಿಸಿದ ಟೇಪಿನಲ್ಲಿ ಅವರ ಲಿಪಿಯಲ್ಲಿ ಒಂದು ಪದ, ಕಿಂಗಕ್. ಪರದೆಯ ಮೂಲೆಯಲ್ಲಿ ಪರೀಕ್ಷೆಯ ಅವಧಿ ಮುಗಿದಿದೆ ಅಂತ ಸೂಚನೆ ಮಿನುಗುತ್ತಿದೆ. ಸಿಲಿಂಡರನ್ನು ಬೇಸಿಗೆಯ ಹಡಗಿಗೆ ಹಾಕಿಸಬೇಕು, ಬುಕಿಂಗ್ ಮುಗಿಯಲು ಇನ್ನು ಹತ್ತು ದಿನ ಇದೆ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ನಾಳೆ ಮತ್ತೆ ಫೋನ್ ಮಾಡುತ್ತೇನೆ.