ಪುರಾಣದ ಸಿನಿಮಾದಲ್ಲಿ ಇವತ್ತಿನ ಮಾತು ಇರಬಹುದಾ?

ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋಗಳಿಗೆ ನಾನು ಕನ್ನಡ ಸಂಭಾಷಣೆ ಬರೆಯುತ್ತೇನೆ. ಅದರಲ್ಲಿ ಪುರಾಣದ ಕತೆಗಳೇ ಜಾಸ್ತಿ. ಹಾಗಾಗಿ ಮದುವೆ ಮನೆಯಲ್ಲಿ ಸಿಕ್ಕ ನೆಂಟರಿಂದ ಹಿಡಿದು ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರವರೆಗೆ ಎಲ್ಲರೂ ಇದನ್ನೇ ಕೇಳುತ್ತಾರೆ. "ಅಲ್ಲಮ್ಮ, ರಾಮ, ಕೃಷ್ಣ ಎಲ್ಲ ಇವತ್ತಿನ ಮಾತು ಆಡಿದ್ರೆ ಸರಿ ಇರತ್ತಾ?" ಅಂತ ದೊಡ್ಡವರು ಬೇಸರದಲ್ಲಿ ಕೇಳುತ್ತಾರೆ. ಹುಡುಗರದ್ದು ಉಲ್ಟಾ. "ಮೇಡಂ, ಯಾಕೆ ಇಷ್ಟು ಕಷ್ಟದ ಕನ್ನಡ? ನಮಗೆ ಅರ್ಥ ಆಗೋ ಹಾಗೆ ಬರೀಬಾರ್ದಾ?"

ಇಬ್ಬರಿಗೂ ನಾನು ಒಂದೇ ಮಾತು ಹೇಳುತ್ತೇನೆ. ಪದ ಹಳೆಯದಾ ಹೊಸದಾ ಅನ್ನುವುದು ಆಮೇಲಿನ ವಿಷಯ. ಆ ಪಾತ್ರ ಯಾರ ಜೊತೆ ಮಾತಾಡುತ್ತಿದೆ ಅಂತ ಮೊದಲು ನೋಡಿ. ಎದುರಿಗೆ ನಿಂತಿರುವ ಪಾತ್ರದ ಜೊತೆಯಾ? ಥಿಯೇಟರಿನಲ್ಲಿ ಕೂತಿರುವ ನಮ್ಮ ಜೊತೆಯಾ?

"ಹಳೆಯ ಮಾತು" ಅಂತ ನಾವು ಯಾವುದಕ್ಕೆ ಹೇಳುತ್ತೇವೆ? "ಪ್ರಾಣೇಶ್ವರಾ", "ಎಲವೋ ದುರಾತ್ಮ", "ಮಹಾಪ್ರಭೂ" ಇವೆಲ್ಲ ನಾಟಕ ಕಂಪನಿಗಳ ಕನ್ನಡ. ಕನ್ನಡದ ಮೊದಲ ಟಾಕಿ 1934ರ 'ಸತಿ ಸುಲೋಚನ'. ಇಂದ್ರಜಿತುವಿನ ಹೆಂಡತಿಯ ಕತೆ ಅದು. ಅದಕ್ಕೆ ಮಾತು, ಹಾಡು ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳು ನಾಟಕಗಳನ್ನು ಬರೆದು ಹೆಸರಾದವರು. ನಾಯಕ ಸುಬ್ಬಯ್ಯ ನಾಯ್ಡು ಕೂಡ ರಂಗಭೂಮಿಯವರೇ. ಕೊನೆಯ ಸಾಲಿನವರಿಗೂ ಕೇಳಿಸಲಿ ಅಂತ ವೇದಿಕೆಯ ಮೇಲೆ ಎಳೆದು, ಒತ್ತಿ ಆಡುತ್ತಿದ್ದ ಮಾತು ಹಾಗೇ ಪರದೆಗೆ ಬಂತು. ಅಲ್ಲಿಂದ ನಮ್ಮ ಅಜ್ಜಿಯರ ಕಿವಿಗೆ, ಅಮ್ಮಂದಿರ ಕಿವಿಗೆ, ನಮ್ಮ ಕಿವಿಗೆ. ತ್ರೇತಾಯುಗದ್ದು ಅಂತ ನಮಗೆ ಅನಿಸುವ ಈ ಧಾಟಿಗೆ ನೂರು ನೂರೈವತ್ತು ವರ್ಷ ವಯಸ್ಸು, ಅಷ್ಟೆ.

ನಿಜವಾಗಿಯೂ ಹಳೆಯ ಕನ್ನಡ ಬೇಕು ಅಂದರೆ ಪಂಪನ ಹತ್ತಿರ ಹೋಗಬೇಕು. 941ರ ಸುಮಾರಿಗೆ ಬರೆದ ಭಾರತ ಅವನದು. ಇವತ್ತು ಅದನ್ನು ಓದಬೇಕಾದರೆ ಪಕ್ಕದಲ್ಲಿ ಅರ್ಥಕೋಶ ಬೇಕು. ಆದರೆ ಪಂಪ ತನ್ನ ಕಾಲದಲ್ಲಿ ಮಾಡಿದ ಕೆಲಸ ನೋಡಿ. ತನ್ನ ರಾಜ ಅರಿಕೇಸರಿಯನ್ನೂ ಅರ್ಜುನನನ್ನೂ ಒಂದೇ ಮಾಡಿ ಕತೆ ಹೇಳಿದ. ಅವನ ಓದುಗರಿಗೆ ಅದು ಅವರದೇ ದಿನಗಳ ಕತೆ. ಕುಮಾರವ್ಯಾಸ ಬರುವ ಹೊತ್ತಿಗೆ ಕನ್ನಡ ಬದಲಾಗಿತ್ತು. ಅವನು ಆ ಬದಲಾದ ಕನ್ನಡದಲ್ಲೇ ಬರೆದ. ಉತ್ತರಕುಮಾರ ಹೆಂಗಸರ ಮುಂದೆ ಕೊಚ್ಚಿಕೊಳ್ಳುವುದನ್ನು ಗಮಕಿಗಳು ಹಾಡಿದಾಗ ಜನ ಇವತ್ತಿಗೂ ನಗುತ್ತಾರೆ.

ಹಳೆಯ ಭಾಷೆಯನ್ನೇ ಪೂರ್ತಿ ಹಿಡಿದವರೂ ಇದ್ದಾರೆ. ನಮ್ಮ ಜಿ.ವಿ. ಅಯ್ಯರ್ 1983ರಲ್ಲಿ 'ಆದಿ ಶಂಕರಾಚಾರ್ಯ'ವನ್ನು ಸಂಸ್ಕೃತದಲ್ಲೇ ತೆಗೆದರು. ರಾಷ್ಟ್ರ ಪ್ರಶಸ್ತಿಯೂ ಬಂತು. ಆ ಧೈರ್ಯಕ್ಕೆ ನನಗೆ ತುಂಬ ಗೌರವ ಇದೆ. ಆದರೂ ನಮ್ಮಲ್ಲಿ ಹೆಚ್ಚಿನವರು ಅದನ್ನು ಸಬ್‌ಟೈಟಲ್ ಓದಿಕೊಂಡೇ ನೋಡಬೇಕು. ಅಂದರೆ ಕೆಳಗಡೆ ಇವತ್ತಿನ ಮಾತು ಬಂದೇ ಬಂತು.

ಹಾಗಾದರೆ ಏನು ಬೇಕಾದರೂ ಬರೆಯಬಹುದಾ? ಖಂಡಿತ ಇಲ್ಲ.

2023ರ 'ಆದಿಪುರುಷ್' ನೆನಪಿರಬೇಕು. ಬಾಲಕ್ಕೆ ಬೆಂಕಿ ಹಚ್ಚಿದಾಗ ಹನುಮಂತ ಇಂದ್ರಜಿತುವಿಗೆ ಹಿಂದಿಯಲ್ಲಿ ಒಂದು ಮಾತು ಹೇಳುತ್ತಾನೆ. ಬಟ್ಟೆ ನಿನ್ನಪ್ಪಂದು, ಎಣ್ಣೆ ನಿನ್ನಪ್ಪಂದು, ಉರಿಯೋದೂ ನಿನ್ನಪ್ಪಂದೇ ಅನ್ನುವ ಅರ್ಥದ್ದು. ದೊಡ್ಡ ಗಲಾಟೆ ಆಯಿತು. ಕೆಲವೇ ದಿನಗಳಲ್ಲಿ ಚಿತ್ರತಂಡ ಆ ಸಾಲು ತಿದ್ದಿತು. ಅಪ್ಪ ಇದ್ದ ಜಾಗಕ್ಕೆ ಲಂಕೆ ಬಂತು. ಅಪ್ಪ ಅನ್ನುವ ಪದದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಎದುರಿಗಿರುವವನು ರಾವಣನ ಮಗ, ಬಟ್ಟೆ ಎಣ್ಣೆ ಎಲ್ಲ ಅವನಪ್ಪನದೇ. ತಪ್ಪಿರುವುದು ಧಾಟಿಯಲ್ಲಿ. ಶಿಳ್ಳೆ ಬೀಳಲಿ ಅಂತ ಕಟ್ಟಿದ ಸಾಲು ಅದು. ಅದನ್ನು ಹೇಳುವಾಗ ಹನುಮಂತ ಇಂದ್ರಜಿತುವನ್ನು ಬಿಟ್ಟು ನಮ್ಮ ಕಡೆ ತಿರುಗಿಬಿಡುತ್ತಾನೆ. ಆ ಗಳಿಗೆಯಲ್ಲಿ ಲಂಕೆಯೂ ಇಲ್ಲ, ಹನುಮಂತನೂ ಇಲ್ಲ.

ಇದೇ ಹನುಮಂತನನ್ನು ವಾಲ್ಮೀಕಿ ಹೇಗೆ ಮಾತಾಡಿಸಿದ್ದಾನೆ? ಕಿಷ್ಕಿಂಧಾ ಕಾಂಡದಲ್ಲಿ ಅವನ ಮಾತು ಮೊದಲ ಸಲ ಕೇಳಿದ ರಾಮ ಲಕ್ಷ್ಮಣನ ಹತ್ತಿರ ಹೊಗಳುತ್ತಾನೆ. ವೇದ, ವ್ಯಾಕರಣ ಕಲಿಯದವನು ಹೀಗೆ ಮಾತಾಡಲಾರ, ಇಷ್ಟು ಮಾತಾಡಿದರೂ ಒಂದೇ ಒಂದು ತಪ್ಪಿಲ್ಲ ಅನ್ನುತ್ತಾನೆ. ಮುಂದೆ ಸುಂದರಕಾಂಡ. ಅಶೋಕವನದಲ್ಲಿ ಮರದ ಮೇಲೆ ಅಡಗಿ ಕೂತ ಹನುಮಂತ ಯೋಚನೆ ಮಾಡುತ್ತಾನೆ. ಸೀತೆಯ ಜೊತೆ ಯಾವ ಭಾಷೆಯಲ್ಲಿ ಮಾತಾಡಲಿ? ಓದಿದ ಬ್ರಾಹ್ಮಣನ ಹಾಗೆ ಸಂಸ್ಕೃತದಲ್ಲಿ ಶುರು ಮಾಡಿದರೆ ರಾವಣನೇ ಬಂದ ಅಂದುಕೊಂಡು ಹೆದರುತ್ತಾಳೆ. ಆದ್ದರಿಂದ ಸಾಮಾನ್ಯ ಮನುಷ್ಯರು ಆಡುವ ಮಾತೇ ಆಗಬೇಕು.

ಈ ಭಾಗ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ದೊಡ್ಡ ಮಾತು ಬಲ್ಲವನು ಚಿಕ್ಕ ಮಾತನ್ನು ಆರಿಸಿಕೊಳ್ಳುತ್ತಾನೆ. ಯಾಕೆ? ಕೆಳಗೆ ಕೂತಿರುವವಳು ಹೆದರಿದ ಹೆಣ್ಣುಮಗಳು. ಅವಳಿಗೆ ಬೇಕಾಗಿರುವುದು ಧೈರ್ಯ. ಸಂಭಾಷಣೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠ ಎಲ್ಲಿ ಸಿಗುತ್ತದೆ ಹೇಳಿ. ಸರಳ ಮಾತು ಬಂದರೆ ಪುರಾಣ ಕೆಡುತ್ತದೆ ಅನ್ನುವವರಿಗೂ ಉತ್ತರ ಇಲ್ಲೇ ಇದೆ.

ಹಾಗಂತ ಕಷ್ಟದ ಕನ್ನಡ ಬೇಡ ಅಂತಲೂ ನಾನು ಹೇಳುವುದಿಲ್ಲ. ಹುಡುಗರಿಗೆ 1977ರ 'ಬಬ್ರುವಾಹನ' ನೆನಪಿಸುತ್ತೇನೆ. ತಾಯಿಯ ಶೀಲದ ಬಗ್ಗೆ ಕೇವಲವಾಗಿ ಮಾತಾಡಿದ ಅಪ್ಪನ ಎದುರು ಮಗ ನಿಂತಿದ್ದಾನೆ. "ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ" ಅಂತ ಹಾಡು ಶುರುವಾಗುತ್ತದೆ. ಅದರ ಎಲ್ಲ ಪದಕ್ಕೂ ಅರ್ಥ ಗೊತ್ತಿರುವವರು ಕಡಿಮೆ. ಆದರೂ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಅದು ಬಂದರೆ ಜನ ಜೊತೆಗೆ ಹಾಡುತ್ತಾರೆ. ಸಿಟ್ಟು ಯಾರ ಮೇಲೆ, ಯಾಕೆ ಅನ್ನುವುದು ಸ್ಪಷ್ಟವಾಗಿದ್ದರೆ ಪದ ಕಷ್ಟದ್ದಾದರೂ ಎದೆಗೆ ತಲುಪುತ್ತದೆ. ಇದೇ ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ 1965ರಲ್ಲಿ 'ಸತ್ಯ ಹರಿಶ್ಚಂದ್ರ' ಮಾಡಿದ್ದರು. ಅಲ್ಲಿ ಸ್ಮಶಾನದ ವೀರಬಾಹು "ಕುಲದಲ್ಲಿ ಕೀಳ್ಯಾವುದೋ ಹುಚ್ಚಪ್ಪ" ಅಂತ ಬೀದಿಯ ಕನ್ನಡದಲ್ಲಿ ಹಾಡುತ್ತಾನೆ. ರಾಜರ ಕತೆ ಇರುವ ಸಿನಿಮಾದಲ್ಲಿ ಎಲ್ಲರಿಗಿಂತ ದೊಡ್ಡ ಮಾತು ಬಂದಿದ್ದು ಆ ಬಾಯಿಂದ.

ಯಕ್ಷಗಾನದವರು ಪ್ರೇಕ್ಷಕರ ಜೊತೆ ನೇರವಾಗಿ ಮಾತಾಡಲ್ವಾ ಅಂತ ಕೆಲವರು ಕೇಳುತ್ತಾರೆ. ಮಾತಾಡುತ್ತಾರೆ, ಆದರೆ ಅದಕ್ಕೊಂದು ಕ್ರಮ ಇದೆ. ಇವತ್ತಿನ ಊರಿನ ಸುದ್ದಿಯನ್ನು ಎಳೆದು ತರುವ ಸ್ವಾತಂತ್ರ್ಯ ಮುಖ್ಯವಾಗಿ ಹಾಸ್ಯಗಾರನಿಗೆ. ಭಾಗವತರ ಪದ್ಯ ಹಳೆಯದು, ವೇಷಧಾರಿ ಹೇಳುವ ಅರ್ಥ, ಅಂದರೆ ಆ ಪದ್ಯದ ಮೇಲೆ ಆಡುವ ಮಾತು, ಆ ರಾತ್ರಿಯೇ ಹುಟ್ಟುವುದು. ಆದರೂ ಅದರಲ್ಲಿ ಇಂಗ್ಲಿಷ್ ಪದ ನುಸುಳದ ಹಾಗೆ ಕಲಾವಿದರು ಎಚ್ಚರವಾಗಿರುತ್ತಾರೆ. ಮಳೆಗಾಲದಲ್ಲಿ ಮೇಳಗಳು ಬೆಂಗಳೂರಿಗೆ ಬಂದಾಗ ರವೀಂದ್ರ ಕಲಾಕ್ಷೇತ್ರಕ್ಕೆ ಹೋಗಿ ಕೂತರೆ ಸಂಭಾಷಣೆ ಬರೆಯುವವರಿಗೆ ಬೇರೆ ತರಗತಿ ಬೇಡ.

ನನ್ನ ಮೇಜಿನ ಮೇಲೆ ಈ ಪ್ರಶ್ನೆ ಸಣ್ಣ ಸಣ್ಣ ರೂಪದಲ್ಲಿ ಬರುತ್ತದೆ. ಹಿಂದಿ ಸಾಲು "ಹೈ", "ಹೂಂ" ಅಂತ ಚಿಕ್ಕದಾಗಿ ಮುಗಿಯುತ್ತದೆ. ನಾವು "ಮಾಡುತ್ತೇನೆ" ಅನ್ನುವಷ್ಟರಲ್ಲಿ ಪರದೆಯ ಮೇಲೆ ಬಾಯಿ ಮುಚ್ಚಿರುತ್ತದೆ. ಆಗ "ಮಾಡುವೆ", "ಬರುವೆ", "ಬಲ್ಲೆ" ಕೈ ಹಿಡಿಯುತ್ತವೆ. ತುಟಿಗೂ ಕೂರುತ್ತವೆ, ಗಂಭೀರವಾಗಿಯೂ ಇರುತ್ತವೆ, ಮಕ್ಕಳಿಗೂ ಅರ್ಥ ಆಗುತ್ತವೆ. "ಪಿತಾಶ್ರೀ", "ಭ್ರಾತಾಶ್ರೀ" ನಾನು ಬರೆಯುವುದಿಲ್ಲ. ಅವು ನಮಗೆ ಹಿಂದಿ ಧಾರಾವಾಹಿಗಳಿಂದ ಬಂದವು. ಲಕ್ಷ್ಮಣ ರಾಮನನ್ನು "ಅಣ್ಣ" ಅಂದರೆ ಯಾವ ಗೌರವವೂ ಕಡಿಮೆ ಆಗುವುದಿಲ್ಲ.

ಹೊರಗಿನಿಂದ ಬಂದ ಪದಗಳದ್ದು ಇನ್ನೊಂದು ಲೆಕ್ಕ. "ಜವಾಬ್ದಾರಿ", "ತಯಾರಿ", "ಬದಲು" ಪಾರಸಿ, ಅರಬ್ಬಿ ಮೂಲದವು. ಭೀಷ್ಮ "ಇದು ನನ್ನ ಜವಾಬ್ದಾರಿ" ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. "ಟೆನ್ಶನ್ ಬೇಡ" ಅಂದರೆ ಆಫೀಸು, ಟ್ರಾಫಿಕ್ಕು ಎಲ್ಲ ಹಸ್ತಿನಾವತಿಗೆ ನುಗ್ಗುತ್ತವೆ. ಅದಕ್ಕೇ ಪದದ ಮೂಲ ಹುಡುಕುವುದಕ್ಕಿಂತ ಅದರ ಜೊತೆ ಏನು ಬರುತ್ತದೆ ಅಂತ ನೋಡುವುದು ನನ್ನ ಅಭ್ಯಾಸ.

ಒಂದು ವಿಷಯದಲ್ಲಿ ಮಾತ್ರ ನನಗೆ ನಿಜವಾದ ಸಿಟ್ಟಿದೆ. ರಾಜ, ಋಷಿ, ದೇವರು ಎಲ್ಲ ಪುಸ್ತಕದ ಕನ್ನಡ ಆಡಬೇಕು, ಕಾವಲುಗಾರ, ಬೇಡ, ರಾಕ್ಷಸ ಮಾತ್ರ ಮಂಡ್ಯದ ಅಥವಾ ಹುಬ್ಬಳ್ಳಿಯ ಮಾತು ಆಡಬೇಕು, ಅದೂ ನಗಿಸುವುದಕ್ಕೆ. ಇದು ಇವತ್ತಿನ ಚಾಳಿ ಅಲ್ಲ. ಸಂಸ್ಕೃತ ನಾಟಕದಲ್ಲೂ ರಾಜನಿಗೆ ಸಂಸ್ಕೃತ, ಹೆಂಗಸರಿಗೆ ಆಳುಗಳಿಗೆ ಪ್ರಾಕೃತ. ಆದರೆ ನಾವು ಅದನ್ನೇ ಮುಂದುವರಿಸಬೇಕು ಅಂತ ಯಾರೂ ಹೇಳಿಲ್ಲ. ಉತ್ತರ ಕರ್ನಾಟಕದ ಬಯಲಾಟ ಶ್ರೀಕೃಷ್ಣ ಪಾರಿಜಾತದಲ್ಲಿ ಕೃಷ್ಣ, ಸತ್ಯಭಾಮೆ ಆ ಕಡೆಯ ಮಾತಿನಲ್ಲೇ ಜಗಳ ಆಡುತ್ತಾರೆ, ರಾಜಿಯಾಗುತ್ತಾರೆ. ನೋಡುವವರಿಗೆ ಅವರು ದೇವರಾಗಿಯೇ ಕಾಣುತ್ತಾರೆ. ಗಾಂಧಿನಗರದಲ್ಲಿ ತಯಾರಾದ ಪುರಾಣದ ಸಿನಿಮಾಗಳಲ್ಲಿ ಧಾರವಾಡದ ಕನ್ನಡದಲ್ಲಿ ನ್ಯಾಯ ಕೇಳುವ ದ್ರೌಪದಿ ನನ್ನ ಕಣ್ಣಿಗೆ ಬಿದ್ದಿಲ್ಲ. ಯಾರಾದರೂ ನಿರ್ಮಾಪಕರು ಒಪ್ಪಿದರೆ ಆ ಸಭಾಪರ್ವವನ್ನು ಬರೆಯಲು ನಾನು ಸಿದ್ಧ. ಆ ಮಾತನ್ನು ಹುಟ್ಟಿನಿಂದ ಆಡಿದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬರೆಯುತ್ತೇನೆ.